ಹಾಲಿನಲ್ಲೊಂದು ಸಮುದ್ರಮಥನ

ಹಿಂದೆ ದೇವತೆಗಳೂ ಅಸುರರೂ ಸೇರಿ ಕಡೆದದ್ದು ಕುಡಿಯುವ ಹಾಲಿನ ಸಮುದ್ರವನ್ನು. ನೀವು ಕಡೆಯಬೇಕಾದದ್ದು ಸೋಫಾ, ಟಿವಿ ಇರುವ ಹಾಲಿನಲ್ಲಿ, ಹವಳ ಸಾಕುವ ಗಾಜಿನ ತೊಟ್ಟಿಯೊಳಗೆ. ಮಂದರ ಪರ್ವತ ಬೇಡ, ವಾಸುಕಿ ಬೇಡ. ಒಂದು ಪಂಪು ಸಾಕು. ಅದನ್ನು ತಪ್ಪು ಜಾಗದಲ್ಲಿ ಕೂರಿಸುವುದನ್ನು ಕಲಿತರೆ ಕೆಲವೇ ತಿಂಗಳಲ್ಲಿ ಹವಳಗಳೆಲ್ಲ ಬೆಳ್ಳಗಾಗಿ, ತೊಟ್ಟಿ ಖಾಲಿಯಾಗಿ, ಮನೆಯಲ್ಲಿ ಶಾಂತಿ ನೆಲೆಸುತ್ತದೆ. ಈ ಹಾದಿಯಲ್ಲಿ ನಾನು ಮೂರು ತೊಟ್ಟಿ ಮುಗಿಸಿದ್ದೇನೆ. ನಂಬಿ ಹಿಂಬಾಲಿಸಿ.

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಕೊಳ್ಳಿ. ಸುಮಾರು 250 ಲೀಟರ್ ಹಿಡಿಯುತ್ತದೆ. ಅದನ್ನು ಈಶಾನ್ಯ ಮೂಲೆಯಲ್ಲಿ ಇಡಿ. ಪ್ಲಗ್ ಪಾಯಿಂಟ್ ನೈರುತ್ಯದಲ್ಲಿರುತ್ತದೆ. ವಾಸ್ತುವಿಗೂ ವಿದ್ಯುತ್ತಿಗೂ ನಡುವಿನ ಈ ಅಂತರವನ್ನು ತುಂಬಲೆಂದೇ ಎಕ್ಸ್‌ಟೆನ್ಷನ್ ಬೋರ್ಡ್ ಹುಟ್ಟಿರುವುದು.

ಒಳಗೆ ಏನು ಬೆಳೆಸುತ್ತೀರಿ ಎಂಬುದನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳಿ. ಕಲ್ಲುಹವಳಗಳು ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿಯ ಪಂಕ್ತಿಯಲ್ಲೇ. "ಏನೂ ಆಗಲ್ಲ ಸಾರ್, ಎಲ್ಲರೂ ಇಟ್ಕೊಂಡಿದ್ದಾರೆ" ಎನ್ನುವ ಅಂಗಡಿಯವನ ಮಾತು ಕೇಳಿ ಕೆಡುವುದು ಬೇರೆಯೇ ವಿದ್ಯೆ. ಅದಕ್ಕೆ ವಕೀಲರಿದ್ದಾರೆ. ಇಲ್ಲಿ ಅಣಬೆಯಂತೆ ಕಾಣುವ, ತೊಗಲಿನಂತೆ ಮೆತ್ತಗಿರುವ ಹವಳಗಳನ್ನು ಮಾತ್ರ ಹಾಳು ಮಾಡುವುದನ್ನು ಹೇಳಿಕೊಡುತ್ತೇನೆ.

ಸ್ವಲ್ಪ ಶಾಸ್ತ್ರ ತಿಳಿದಿರಲಿ, ಇಲ್ಲದಿದ್ದರೆ ಅಕಸ್ಮಾತ್ತಾಗಿ ಸರಿ ಮಾಡಿಬಿಟ್ಟೀರಿ. ಹವಳಕ್ಕೆ ಕಿವಿರಿಲ್ಲ, ಶ್ವಾಸಕೋಶವಿಲ್ಲ, ಊಟ ಇರುವಲ್ಲಿಗೆ ನಡೆದು ಹೋಗಲು ಕಾಲೂ ಇಲ್ಲ. ಅದರ ಮೈಗೆ ಅಂಟಿಕೊಂಡಂತೆ ನಿಂತ ನೀರಿನ ತೆಳುವಾದ ಪದರವೊಂದು ಇರುತ್ತದೆ. ಆಮ್ಲಜನಕ, ಆಹಾರ, ಕಸ ಎಲ್ಲವೂ ಆ ಪದರ ದಾಟಿಯೇ ಬರಬೇಕು, ದಾಟಿಯೇ ಹೋಗಬೇಕು. ನೀರು ಆಡಿದರೆ ಪದರ ತೆಳ್ಳಗಾಗುತ್ತದೆ, ಹವಳ ಉಸಿರಾಡುತ್ತದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿಗಿಳಿದವರನ್ನು ಕೇಳಿ: ಸಮುದ್ರ ಒಂದೇ ಕಡೆಗೆ ನೂಕುವುದಿಲ್ಲ. ಮುಂದಕ್ಕೆ ತಳ್ಳುತ್ತದೆ, ಹಿಂದಕ್ಕೆ ಎಳೆಯುತ್ತದೆ, ಬಂಡೆಗೆ ಬಡಿದು ಸುಳಿಯಾಗುತ್ತದೆ, ನಡುವೆ ಸುಮ್ಮನೂ ಆಗುತ್ತದೆ. ಕೇಳಿಯಾಯಿತಲ್ಲ? ಈಗ ಮರೆತುಬಿಡಿ.

ಪಂಪಿನ ಅಂಗಡಿಗೆ ಹೋಗಿ. ಮೆತ್ತನೆಯ ಹವಳಗಳಿಗೆ ತೊಟ್ಟಿಯ ನೀರು ಗಂಟೆಗೆ ಹತ್ತರಿಂದ ಇಪ್ಪತ್ತು ಸಲ ಸುತ್ತಿದರೆ ಸಾಕು ಎನ್ನುತ್ತಾರೆ. ಅಂದರೆ ನಿಮ್ಮ ತೊಟ್ಟಿಗೆ 2,500ರಿಂದ 5,000 ಲೀಟರ್. ಅದನ್ನೂ ಎರಡು ಸಣ್ಣ ಪಂಪುಗಳಿಗೆ ಹಂಚಿ, ಎದುರುಬದುರು ಕೂರಿಸಿ, ಒಮ್ಮೆ ಇದು ಒಮ್ಮೆ ಅದು ಜೋರಾಗುವಂತೆ ಮಾಡಿದರೆ ಎರಡೂ ಧಾರೆ ನಡುವೆ ಡಿಕ್ಕಿ ಹೊಡೆದು ಎಲ್ಲ ಕಡೆ ಚೆದುರುತ್ತವಂತೆ. ಇಂಥ ಜುಗ್ಗತನ ನಿಮಗೆ ಬೇಡ. 10,000 ಲೀಟರಿನದು ಒಂದೇ ಒಂದು ಕೊಳ್ಳಿ. ಅದನ್ನು ಎಡಗಡೆಯ ಗಾಜಿಗೆ ಅಂಟಿಸಿ. ಅತಿ ಹೆಚ್ಚು ದುಡ್ಡು ಕೊಟ್ಟು ತಂದ ಹವಳ ಯಾವುದೋ ಅದರ ಮುಖಕ್ಕೆ ನೇರವಾಗಿ, ಗೇಣುದ್ದದಲ್ಲಿ ತಿರುಗಿಸಿ. ವೇಗವನ್ನು ಗರಿಷ್ಠಕ್ಕೆ ತಂದು ಬಿಡಿ, ಮತ್ತೆ ಮುಟ್ಟಬೇಡಿ.

ಹವಳ ಒಂದೇ ಪಕ್ಕಕ್ಕೆ ವಾಲಿ ಮೈ ಮುದುಡಿಕೊಳ್ಳುತ್ತದೆ. "ಸಾಷ್ಟಾಂಗ ಹಾಕ್ತಿದೆ" ಎಂದು ಮನೆಯವರಿಗೆ ತೋರಿಸಿ. ಒಂದು ವಾರದಲ್ಲಿ ಧಾರೆಗೆ ಸಿಕ್ಕ ಕಡೆಯ ಚರ್ಮ ಸುಲಿಯತೊಡಗುತ್ತದೆ. ಹರಿವು ಸಾಲದೆಂದೇ ಹೀಗಾಯಿತು ಎಂದು ತೀರ್ಮಾನಿಸಿ, ಇನ್ನೊಂದು ಪಂಪು ತಂದು ಅದನ್ನೂ ಎಡಗಡೆಗೇ ಹಾಕಿ.

ಮರಳಿನ ವಿಷಯದಲ್ಲಿ ರಾಜಿ ಬೇಡ. ದಪ್ಪ ಮರಳು ಜಾಗ ಬಿಟ್ಟು ಏಳುವುದಿಲ್ಲ, ನಿಮ್ಮ ಪಂಪಿಗೆ ಅವಮಾನ. ಚಿರೋಟಿ ರವೆಯಷ್ಟು ನಯವಾದುದನ್ನೇ ಆರಿಸಿ. ಬೆಳಗಾಗುವುದರೊಳಗೆ ಎಡಗಡೆ ತಳದ ಗಾಜು ಬರಿದಾಗಿ, ಬಲಗಡೆ ದಿಬ್ಬ ಎದ್ದು, ಹವಳಗಳು ಅರ್ಧ ಹೂತಿರುತ್ತವೆ. ಬಲ ಮೂಲೆಯ ಆ ದಿಬ್ಬದೊಳಕ್ಕೆ ನೀರು ಹೋಗುವುದಿಲ್ಲ, ಆಮ್ಲಜನಕವೂ ಹೋಗುವುದಿಲ್ಲ. ಕೆಲವು ತಿಂಗಳಲ್ಲಿ ಮರಳು ಕಪ್ಪಾಗುತ್ತದೆ. ಆಗ ಕೈಹಾಕಿ ಚೆನ್ನಾಗಿ ಕೆದಕಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ಫಲಿಸಿತೆಂದು ತಿಳಿಯಿರಿ. ಅದು ಹೈಡ್ರೋಜನ್ ಸಲ್ಫೈಡ್. ಮಥನದಲ್ಲಿ ಹಾಲಾಹಲ ಮೊದಲು ಬರುವುದು ಪದ್ಧತಿ. ಕುಡಿದು ಕಾಪಾಡಲು ಶಿವ ಇಲ್ಲದಿರುವುದರಿಂದ ಆ ಕೆಲಸವನ್ನು ಮೀನುಗಳಿಗೆ ವಹಿಸಿ.

ಕಲ್ಲುಗಳನ್ನು ಕಾಂಪೌಂಡ್ ಗೋಡೆಯಂತೆ ಹಿಂದಿನ ಗಾಜಿಗೆ ಒತ್ತಿ ಕಟ್ಟಿ. ಸಂದು ಬಿಟ್ಟರೆ ನೀರು ನುಗ್ಗಿ ಕಸವನ್ನೆಲ್ಲ ಹೊರಗೆಳೆದು ಫಿಲ್ಟರಿಗೆ ಒಪ್ಪಿಸಿಬಿಡುತ್ತದೆ. ಗೋಡೆಯ ಹಿಂದೆ ಹೂಳು ಸುರಕ್ಷಿತವಾಗಿರಬೇಕು. ನೀರಾಡದ ಜಾಗಗಳಲ್ಲಿ ಕೆಂಪು ಲೋಳೆ ವೆಲ್ವೆಟ್ ಹಾಸಿದಂತೆ ಹರಡಿದಾಗ, ಹೊಸ ಬಗೆಯ ಹವಳ ತಾನಾಗಿ ಹುಟ್ಟಿದೆ ಎಂದು ನೆಂಟರಿಗೆ ಹೇಳಿ. ಇಂಜೆಕ್ಷನ್ ಸಿರಿಂಜಿನಿಂದ ವಾರಕ್ಕೊಮ್ಮೆ ಕಲ್ಲಿನ ಮೇಲೆ ನೀರು ಊದಿ, ಎಲ್ಲಿ ಹೂಳು ಏಳುತ್ತದೋ ಅಲ್ಲಿ ಹರಿವು ಸಾಲದೆಂದು ಪತ್ತೆ ಮಾಡುವವರೂ ಇದ್ದಾರೆ. ಅಂಥವರ ಸಹವಾಸ ಮಾಡಬೇಡಿ.

ನೀರಿನ ಮೇಲ್ಮೈಯನ್ನು ಕದಡಬೇಡಿ. ಒಗ್ಗರಣೆಯ ಹೊಗೆ ಬಂದು ಕೂತು, ಸಾರಿನ ಮೇಲೆ ತೇಲುವ ಎಣ್ಣೆಯಂತೆ ಪೊರೆ ಕಟ್ಟಲಿ. ದೀಪದ ಬೆಳಕಿಗೆ ಕಾಮನಬಿಲ್ಲು ಕಾಣುತ್ತದೆ.

ರಾತ್ರಿ ಹತ್ತಕ್ಕೆ ತೊಟ್ಟಿಯೊಳಗಿನ ಪಂಪುಗಳನ್ನೆಲ್ಲ ಆರಿಸಿ. ಗುಂಯ್ ಅನ್ನುವ ಸದ್ದಿಗೆ ನಿಮಗೆ ನಿದ್ದೆ ಬಾರದು, ಹವಳಕ್ಕೆ ಮಾತ್ರ ಬರುತ್ತದೆಯೇ? ಹಗಲಲ್ಲಿ ಹವಳದ ಮೈಯೊಳಗಿನ ಪಾಚಿ ಬೆಳಕು ಉಂಡು ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಕೊಡುವವರು ಯಾರೂ ಇಲ್ಲ, ಎಲ್ಲರೂ ತೆಗೆದುಕೊಳ್ಳುವವರೇ. ನೀರು ಆಡಲೇಬೇಕಾದ ಹೊತ್ತು ಅದೇ ಆದ್ದರಿಂದ, ಆರಿಸಲೂ ಅದೇ ಪ್ರಶಸ್ತ. ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟರೆ ಹಸಿವೆಂದು ತಿಳಿದು ಎರಡು ಚಿಟಿಕೆ ಹೆಚ್ಚು ಆಹಾರ ಹಾಕಿ. ಹಾಕುವಾಗ ಪಂಪು ಓಡುತ್ತಿದ್ದರೆ ನಿಲ್ಲಿಸಿ. ಮತ್ತೆ ಪಂಪು ಹಾಕಲು ಮರೆತು ಆಫೀಸಿಗೆ ಹೊರಡಿ.

ಸಮುದ್ರಹೂವು ಬೇಕೇ ಬೇಕು, ಮಕ್ಕಳು ನೀಮೋ ಸಿನಿಮಾ ನೋಡಿದ್ದಾರೆ. ಅದಕ್ಕೆ ಹೆಚ್ಚಿನ ಹವಳಗಳಿಗಿಲ್ಲದ ಒಂದು ಗುಣವಿದೆ: ಜಾಗ ಸರಿಬೀಳದಿದ್ದರೆ ಮೆಲ್ಲಗೆ ನಡೆದು ಹೋಗುತ್ತದೆ. ಪಂಪಿನ ಬಾಯಿಗೆ ಸ್ಪಂಜಿನ ಗವುಸು ಹಾಕಬೇಡಿ. ಹೂವು ಒಂದಲ್ಲ ಒಂದು ರಾತ್ರಿ ಅಲ್ಲಿಗೆ ಬರುತ್ತದೆ. ಬೆಳಿಗ್ಗೆ ಪಂಪು ಹಾಕಿದೊಡನೆ ತೊಟ್ಟಿಯ ತುಂಬ ಶಾವಿಗೆ ಪಾಯಸ.

ಪಂಪನ್ನು ತೊಳೆಯುವುದು ದುಡಿಯುವವನ ಮೇಲೆ ಅನುಮಾನ ಪಟ್ಟಂತೆ. ಉಪ್ಪುನೀರಿನ ಸುಣ್ಣ ಅದರ ತಿರುಗಾಲಿಗೆ ಕಟ್ಟುತ್ತ ಹೋಗುತ್ತದೆ, ವೇಗ ಇಳಿಯುತ್ತ ಬರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ನಿಂಬೆ ಉಪ್ಪಿನ ನೀರಿನಲ್ಲೋ ವಿನಿಗರ್‌ನಲ್ಲೋ ನೆನೆಸಿಟ್ಟರೆ ಬಿಟ್ಟುಹೋಗುವ ಸುಣ್ಣವದು. ಬಿಡಬೇಡಿ. ನಿಲ್ಲುವವರೆಗೆ ಓಡಿಸಿ, ನಿಂತ ಮೇಲೆ ಅಂಗಡಿಯವನನ್ನು ಬೈಯಿರಿ.

ಇನ್ನು ಉಳಿದದ್ದು ಸಂಪ್. ನಿಮ್ಮ ಮನೆಯಂಗಳದ ಸಂಪ್ ಅಲ್ಲ, ಅದು ಹೇಗೂ ಖಾಲಿ. ತೊಟ್ಟಿಯ ಕೆಳಗೆ ಬೀರುವಿನಲ್ಲಿ ಅಡಗಿರುವ ಎರಡನೆಯ ತೊಟ್ಟಿ ಇದು. ಮೇಲಿನ ನೀರು ಪೈಪಿನಲ್ಲಿ ಇಲ್ಲಿಗಿಳಿದು, ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಪೆಟ್ಟಿಗೆಯ ಮೇಲೆ ಗಂಟೆಗೆ 3,000 ಲೀಟರ್ ಎಂದು ಬರೆದಿದ್ದರೆ ಅಷ್ಟೂ ಮೇಲೆ ಬರುತ್ತದೆಂದು ಲೆಕ್ಕ ಬರೆದುಕೊಳ್ಳಿ. ಆ ಅಂಕಿ ನೀರನ್ನು ಒಂದಿಂಚೂ ಮೇಲೆತ್ತದೆ ಇದ್ದಾಗಿನದು. ನಾಲ್ಕಡಿ ಎತ್ತಿ, ಮೂರು ಮೊಣಕೈ ತಿರುಗಿಸಿದರೆ ಬರುವುದೆಷ್ಟು ಎಂದು ಅಳೆಯಲು ಬಕೆಟ್ಟೂ ಗಡಿಯಾರವೂ ಸಾಕು. ಅಳೆದರೆ ಬೇಸರವಾಗುತ್ತದೆ, ಅಳೆಯಬೇಡಿ.

ಸಂಪನ್ನು ಕಂಠಪೂರ್ತಿ ತುಂಬಿ. ಮೇಲಕ್ಕೆ ಹೋಗುವ ಪೈಪಿನ ಬಾಯಿಯನ್ನು ತೊಟ್ಟಿಯ ತಳದವರೆಗೂ ಇಳಿಬಿಡಿ. ನೀರಿನ ಮಟ್ಟಕ್ಕೆ ಸ್ವಲ್ಪವೇ ಕೆಳಗೆ ಆ ಪೈಪಿನಲ್ಲಿ ಸಣ್ಣ ತೂತು ಕೊರೆಯುವ ವಾಡಿಕೆಯಿದೆ. ಪಂಪು ನಿಂತಾಗ ನೀರು ಹಿಮ್ಮುಖವಾಗಿ ಜಾರತೊಡಗುತ್ತದೆ, ತೂತಿನ ಮಟ್ಟಕ್ಕೆ ಇಳಿದೊಡನೆ ಅಲ್ಲಿ ಗಾಳಿ ಹೊಕ್ಕು ಸೆಳೆತ ಕಡಿಯುತ್ತದೆ. ಒಳ್ಳೆಯ ಪೈಪಿಗೆ ಯಾರಾದರೂ ತೂತು ಹಾಕುತ್ತಾರೆಯೇ? ಹಾಕಿಯಾಗಿದ್ದರೆ ಚಿಂತೆಯಿಲ್ಲ, ಬಸವನಹುಳು ಒಂದು ದಿನ ಬಂದು ಮುಚ್ಚಿಕೊಡುತ್ತದೆ. ಬೆರಳಾಡಿಸಿ ಅದನ್ನು ಎಬ್ಬಿಸಬೇಡಿ. ಯುಪಿಎಸ್‌ಗೆ ಟಿವಿ, ಫ್ಯಾನು, ವೈಫೈ ಜೋಡಿಸಿ. ಪಂಪಿಗೆ ಬೇಡ, ಅದು ರಾತ್ರಿ ಮಲಗುವುದನ್ನು ಆಗಲೇ ಕಲಿತಿದೆ.

ಈಗ ಮದುವೆಗೋ ಮುಂಜಿಗೋ ಊರಿಗೆ ಹೋಗಿ. ಮೊದಲ ಮಳೆ ಬಿದ್ದು ಕರೆಂಟ್ ಹೋಗಲಿ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಡ ಅನ್ನುತ್ತಾರಲ್ಲ, ತೊಟ್ಟಿ ನೀರಿಗೂ ಬೇಡ. ಮೇಲಿನದು ಕೆಳಗಿನದಕ್ಕೆ, ಕೆಳಗಿನದು ನೆಲಕ್ಕೆ, ನೆಲದ್ದು ಅದರ ದಾರಿಗೆ.

ಕೆಳಗಿನ ಮನೆಯ ರಾಯರು ಫೋನ್ ಮಾಡುತ್ತಾರೆ. "ಏನ್ರೀ ಇದು, ನಮ್ಮನೆ ಸೀಲಿಂಗಿಂದ ನೀರು ಸುರೀತಾ ಇದೆ! ಬಾಯಿಗೆ ಬಿತ್ತು, ಉಪ್ಪುಪ್ಪು!" ಗಾಬರಿಯಾಗಬೇಡಿ. ಲೀಟರಿಗೆ 35 ಗ್ರಾಂ ಇರಬೇಕು, ಸರಿಯಿದೆಯೇ ಎಂದು ವಿಚಾರಿಸಿ. ಆಮೇಲೆ, ಒಂದೇ ಧಾರೆಯಾಗಿ ಬೀಳುತ್ತಿದೆಯೋ ಇಲ್ಲ ಬಿಟ್ಟುಬಿಟ್ಟು ಬರುತ್ತಿದೆಯೋ ಕೇಳಿ.

"ಒಂದ್ಸಲ ಜೋರು, ಒಂದ್ಸಲ ನಿಧಾನ. ಒಮ್ಮೆ ಸೋಫಾ ಮೇಲೆ, ಒಮ್ಮೆ ಟಿವಿ ಮೇಲೆ. ಎಲ್ಲಿ ಬೀಳುತ್ತೆ ಅಂತ ಹೇಳಕ್ಕೇ ಆಗಲ್ಲ!"

ಆ ಸೋಫಾದ ಮೇಲೆ ಒಂದು ಹವಳ ಇಡಲು ಹೇಳಿ.