ಬೀಗರು ಬಂದಾರ್ರಿ

ಮಳೆಗಾಲದಲ್ಲಿ ಘಟಪ್ರಭೆ ತುಂಬಿ, ಗೋಕಾಕದ ಜಲಪಾತ 52 ಮೀಟರ್ ಎತ್ತರದಿಂದ ಕೆಂಪು ನೀರು ಸುರಿಸತೊಡಗಿದರೆ ಸಾಕು, ಖೋಲಿ ಕಾಕಾನ ಮನೆಗೆ ಬೀಗರು ಬರತೊಡಗುತ್ತಾರೆ. ಪುಣೆಯ ಬೀಗರು, ಹುಬ್ಬಳ್ಳಿಯ ಬೀಗರು. ಒಮ್ಮೆ ಹೈದರಾಬಾದಿನ ಬೀಗರೂ ಬಂದು ಹೋದರು. ಕಾಕಾನಿಗೆ ಇರುವುದು ಒಬ್ಬಳೇ ಮಗಳು, ಕೊಟ್ಟದ್ದು ಮೂಡಲಗಿಗೆ. ಆದರೂ ಓಣಿಯಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ಈಚೆಗೆ ಎದುರು ಮನೆಯವರಿಗೂ ಬೀಗರು ಹೆಚ್ಚಾಗಿದ್ದಾರೆ.

ಮಾಳಿಗೆಯ ಮೇಲೆ ಎರಡು ಖೋಲಿ ಕಟ್ಟಿಸಿ, ಮೊಬೈಲಿನಲ್ಲಿ ಅವುಗಳ ಫೋಟೋ ಹಾಕಿದ ದಿನದಿಂದ ಕಾಕಾ ತೆರಿಗೆ ಪಂಡಿತ. ಇಳಿದುಕೊಂಡವರು ಹೊರಟಾಗ ಕೈಗೊಂದು ತುಂಡು ಕರದಂಟು ಇಡುತ್ತಾನೆ. ರಸೀದಿ ಮಾತ್ರ ಕೊಡುವುದಿಲ್ಲ. ಕರದ ಅಂಟು ಇಲ್ಲದ ಕರದಂಟು ಅದೊಂದೇ.

ಅವನ ಪಾಂಡಿತ್ಯವೆಲ್ಲ ಪಕ್ಕದ ಊರಿನ ತೆರಿಗೆಯದ್ದು. "ಮೂಡಲಗ್ಯಾಗ ಆರಾಮ ನೋಡ್ರಿ. ನಿನ್ನೆ ಮೊನ್ನೆ ನಮ್ಮಿಂದ ಬ್ಯಾರೆ ಆದ ತಾಲೂಕು, ಅಲ್ಲಿ ಯಾರು ಕೇಳ್ತಾರ? ಹುಕ್ಕೇರಿ ಮಂದಿದಂತೂ ಪುಣ್ಯಾ. ಹಳ್ಳ್ಯಾಗ ಕರೆಂಟ್ ಸೈತ ಅವರ ಸೊಸಾಯಿಟಿದು!" ಬೇರೆ ಮನೆ ಮಾಡಿದ ತಮ್ಮನ ಖರ್ಚು ಅಣ್ಣನಿಗೆ ಯಾವಾಗಲೂ ಕಡಿಮೆಯೇ ಕಾಣುತ್ತದೆ.

ಒಮ್ಮೆ ಘಟಪ್ರಭಾದ ಚಹಾದಂಗಡಿಯಲ್ಲಿ ಮೂರೂ ಊರಿನ ಖೋಲಿ ಮಾಲೀಕರು ಕೂಡಿದರು. ಹಿಡಕಲ್ ಡ್ಯಾಮಿನ ದಾರಿಯಲ್ಲಿ ಖೋಲಿ ಇಟ್ಟ ಹುಕ್ಕೇರಿಯವ, "ಗೋಕಾಕದಾಗ ಫಾಲ್ಸ್ ಐತಿ, ಮಂದಿ ತಾವಾಗೇ ಬರ್ತಾರ. ನಿಮಗ ಟ್ಯಾಕ್ಸ್ ಯಾವ ಲೆಕ್ಕಾ?" ಎಂದ. ಮೂಡಲಗಿಯವ ಇಬ್ಬರನ್ನೂ ನೋಡಿ ನಿಟ್ಟುಸಿರು ಬಿಟ್ಟ: "ಫಾಲ್ಸೂ ಇಲ್ಲ, ಡ್ಯಾಮೂ ಇಲ್ಲ. ನಮಗ ಬರೂದು ಬಿಲ್ ಕಲೆಕ್ಟರ್ ಒಬ್ಬನಽ." ಕಿಸೆಯಿಂದ ರಸೀದಿಗಳು ಹೊರಬಂದವು. ಟ್ರೇಡ್ ಲೈಸೆನ್ಸು, ವಾಣಿಜ್ಯ ದರದ ಮನೆಪಟ್ಟಿ, ಕಸದ ಸೆಸ್ಸು, ನೀರಿನ ಪಟ್ಟಿ. ಅಂಕಿ ಬೇರೆ ಬೇರೆ, ನರಳಾಟ ಒಂದೇ.

ಆಗ ಕಾಕಾ ದೊಡ್ಡ ಅಸ್ತ್ರ ತೆಗೆದ. "ಇವೆಲ್ಲಾ ಸಣ್ಣವು. ನಮ್ಮನ್ನ ಮುಳುಗಿಸಿದ್ದು ಜಿಎಸ್‌ಟಿ!" 1979ರ ಲಕ್ಸುರಿ ಟ್ಯಾಕ್ಸ್ ಕಾನೂನಿನಿಂದ ಶುರು ಮಾಡಿ, 2017ರ ಜುಲೈ 1ಕ್ಕೆ ಅದು ಜಿಎಸ್‌ಟಿಯಲ್ಲಿ ಕರಗಿದ್ದು, 2022ರ ಜುಲೈಯಲ್ಲಿ ಸಾವಿರ ರೂಪಾಯಿಗಿಂತ ಕಡಿಮೆಯ ಖೋಲಿಗೂ ಶೇ. 12 ಬಿದ್ದದ್ದು, ಎಲ್ಲವನ್ನೂ ಹರಿಕಥೆಯಂತೆ ಹೇಳಿದ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಖೋಲಿಗೆ ಅದು ಶೇ. 5ಕ್ಕೆ ಇಳಿದಾಗ, ತಾನೇ ಹೋರಾಡಿ ಇಳಿಸಿದವನಂತೆ ಓಣಿಗೆಲ್ಲ ಪೇಡೆ ಹಂಚಿದ್ದ. ಚಹಾದಂಗಡಿಯ ಹುಡುಗ ಬಿ.ಕಾಂ. ಓದುತ್ತಿದ್ದ. ಕಪ್ಪು ಎತ್ತಿಕೊಳ್ಳುತ್ತ ಅಂದ: "ಕಾಕಾ, ವರ್ಷದ ವಹಿವಾಟು 20 ಲಕ್ಷ ದಾಟಿದ್ರ ನೀವು ಕಟ್ಟಬೇಕು. ಆ್ಯಪಿನ್ಯಾಗ ಬುಕ್ ಆದ್ರ ಆ್ಯಪಿನವರಽ ಕಟ್ತಾರ. ನಿಮ್ಮವು ಖೋಲಿ ಎಷ್ಟು?"

ಕಾಕಾನ ಮುಖ ಸಪ್ಪಗಾಯಿತು. ತೆರಿಗೆ ಉಳಿದ ಸಂತೋಷಕ್ಕಿಂತ, ಇಷ್ಟು ವರ್ಷ ಬೈದ ತೆರಿಗೆ ತನ್ನದಲ್ಲ ಎಂಬ ದುಃಖ ದೊಡ್ಡದಿತ್ತು.

ಶ್ರಾವಣದ ಒಂದು ಭಾನುವಾರ ಎರಡೂ ಖೋಲಿ ಭರ್ತಿಯಾಗಿದ್ದವು. ಅದೇ ರಾತ್ರಿ ಮೂಡಲಗಿಯಿಂದ ಖರೇ ಬೀಗರು ಬಂದಿಳಿದರು, ಮಕ್ಕಳು ಮರಿ ಸೇರಿ ಏಳು ಮಂದಿ. ಖೋಲಿ ಖಾಲಿ ಮಾಡಿಸುವ ಮನಸ್ಸು ಕಾಕಾನಿಗೆ ಬರಲಿಲ್ಲ. ಪಡಸಾಲೆಯಲ್ಲೇ ಜಮಖಾನೆ ಹಾಸಿದ.

ಬೆಳಗಾಗುತ್ತಲೇ ಬಿಲ್ ಕಲೆಕ್ಟರ್ ಬಂದ. ಮಾಳಿಗೆಯಿಂದ ಇಳಿದು ಬಂದ ಹುಡುಗರನ್ನು ನೋಡಿದ. ಪಡಸಾಲೆಯ ಉದ್ದಕ್ಕೂ ಮಲಗಿದವರನ್ನು ಎಣಿಸಿದ.

"ಇವರು ಯಾರ್ರಿ?"

"ಬೀಗರ್ರಿ."

"ಮ್ಯಾಲಿನವರು?"

"ಅವರೂ... ಬೀಗರಽ."

ಕಲೆಕ್ಟರ್ ಪುಸ್ತಕ ತೆರೆದು ಬರೆದುಕೊಂಡ: ಖೋಲಿ ಎರಡು, ಪಡಸಾಲೆ ಒಂದು.

"ದೇವರಾಣೆ, ಪಡಸಾಲ್ಯಾಗಿನವರು ಖರೇ ಬೀಗರು!" ಎಂದು ಕಾಕಾ ಕೂಗಿದ.

ಜಮಖಾನೆಯ ಮೇಲೆ ಬೀಗರು ಎದ್ದು ಕೂತರು. "ಹಂಗಾದ್ರ ಮ್ಯಾಲಿನವರು ಯಾವ ಕಡೀ ಬೀಗರ್ರಿ?" ಎಂದು ಕೇಳಿದರು.