ಟವೆಲ್ ಹಾಸಿದ ಸೀಟು

ಬಸ್ಸು ಇನ್ನೂ ಸ್ಟ್ಯಾಂಡಿನೊಳಗೆ ತಿರುಗುತ್ತಿರುವಾಗಲೇ ಕಿಟಕಿಯಿಂದ ಟವೆಲ್ ತೂರಿಸಿ ಸೀಟು ಹಿಡಿಯುವವರನ್ನು ನೀವು ನೋಡಿಯೇ ಇರುತ್ತೀರಿ. ಲಿನಕ್ಸ್‌ನ ಒಳತಿರುಳಾದ ಕರ್ನಲ್‌ನಲ್ಲಿ ಸಾಧನಗಳನ್ನು ನೋಡಿಕೊಳ್ಳುವ ಡ್ರೈವರುಗಳೂ ಅದೇ ಗೋತ್ರದವು. ಯುಎಸ್‌ಬಿಗೆ ಏನನ್ನಾದರೂ ಸಿಕ್ಕಿಸಿ ಕೈ ತೆಗೆಯುವಷ್ಟರಲ್ಲಿ ಯಾವುದೋ ಡ್ರೈವರು ಅದರ ನಂಬರು ಓದಿ, ‘ಇದು ನಮ್ಮದು’ ಎಂದು ಟವೆಲ್ ಹಾಸಿಯಾಗಿರುತ್ತದೆ.

ಬಹಳ ಸಲ ಇದು ಉಪಕಾರವೇ. ಮೌಸ್ ಸಿಕ್ಕಿಸಿದಾಗಲೆಲ್ಲ ‘ಇದನ್ನು ಯಾರು ನೋಡ್ಕೋತೀರಪ್ಪಾ’ ಎಂದು ಕೂಗಬೇಕಾಗಿದ್ದರೆ, 1996ರಲ್ಲಿ ಬಂದ ಯುಎಸ್‌ಬಿಯನ್ನು ಜನ ಅದೇ ವರ್ಷ ಅಟ್ಟಕ್ಕೆ ಹಾಕುತ್ತಿದ್ದರು. ತಕರಾರು ಹುಟ್ಟುವುದು ಒಂದೇ ವಸ್ತುವಿಗೆ ಎರಡು ಕಸುಬು ಇದ್ದಾಗ.

ಆರ್‌ಟಿಎಲ್2832ಯು ಎಂಬ ಚಿಪ್ ಇರುವ ಟಿವಿ ಕಡ್ಡಿಯನ್ನೇ ನೋಡಿ. ಯುರೋಪಿನ ಡಿವಿಬಿ-ಟಿ ಪ್ರಸಾರ ನೋಡಲೆಂದು ಮಾಡಿದ್ದು. 2012ರ ಹೊತ್ತಿಗೆ ಅದರ ಇನ್ನೊಂದು ವಿದ್ಯೆ ಹೊರಬಿತ್ತು: ಗಾಳಿಯಲ್ಲಿ ಹಿಡಿದದ್ದನ್ನು ಹಸಿಹಸಿಯಾಗಿಯೇ ಕಂಪ್ಯೂಟರಿಗೆ ಸುರಿಯಬಲ್ಲದು. ಉಳಿದ ಅಡುಗೆಯೆಲ್ಲ ಸಾಫ್ಟ್‌ವೇರಿನದು. ಬೆಂಗಳೂರಿನಲ್ಲಿ ಕೂತು 101.3ರ ರೇನ್‌ಬೋ ಎಫ್‌ಎಂ ಕೇಳಬಹುದು, 1090 ಮೆಗಾಹರ್ಟ್ಸ್‌ನಲ್ಲಿ ದೇವನಹಳ್ಳಿಯ ಕಡೆ ಇಳಿಯುವ ವಿಮಾನಗಳು ತಮ್ಮ ಎತ್ತರ ಹೇಳಿಕೊಳ್ಳುವುದನ್ನು ಕದ್ದು ಕೇಳಬಹುದು. ಆದರೆ ಕಡ್ಡಿ ಸಿಕ್ಕಿಸಿದ ಕೂಡಲೇ ಕರ್ನಲ್‌ನ ಟಿವಿ ಡ್ರೈವರು ಬಂದು ಕೂರುತ್ತದೆ. ನಮ್ಮ ರೇಡಿಯೊ ಪ್ರೋಗ್ರಾಂ ‘ಎರರ್ -6’ ಎಂದು ಗೊಣಗಿ ವಾಪಸಾಗುತ್ತದೆ. ಸೀಟು ಖಾಲಿ ಇಲ್ಲ ಎಂದರ್ಥ. ತಮಾಷೆಯೆಂದರೆ ದೂರದರ್ಶನ ಆರಿಸಿಕೊಂಡದ್ದು ಡಿವಿಬಿ-ಟಿ2, ಅದು ಈ ಚಿಪ್ಪಿಗೆ ಅರ್ಥವೇ ಆಗುವುದಿಲ್ಲ. ನೋಡಲು ಟಿವಿಯೇ ಇಲ್ಲದ ಊರಿನಲ್ಲಿ ಟಿವಿ ಡ್ರೈವರು ಕಾಲು ಚಾಚಿ ಕೂತಿರುತ್ತದೆ!

ಕರ್ನಲ್‌ನ ಕಾನೂನು ಸರಳ: ಒಂದು ಇಂಟರ್‌ಫೇಸಿಗೆ ಒಬ್ಬನೇ ಯಜಮಾನ. ಸಾಮಾನ್ಯ ಪ್ರೋಗ್ರಾಮುಗಳು ಲಿಬ್‌ಯುಎಸ್‌ಬಿ ಎಂಬ ಮಧ್ಯಸ್ಥನ ಮೂಲಕ ‘ಆ ಡ್ರೈವರನ್ನು ಸ್ವಲ್ಪ ಎಬ್ಬಿಸಿ’ ಎಂದು ಅರ್ಜಿ ಹಾಕಬಹುದು. ಮೊದಲು ಇದು ಎರಡು ಹೆಜ್ಜೆಯ ಕೆಲಸ: ಕೂತವನನ್ನು ಎಬ್ಬಿಸುವುದು, ಆಮೇಲೆ ತಾನು ಕೂರುವುದು. ಈ ಎರಡರ ನಡುವಿನ ಸಂದಿಯಲ್ಲಿ ಮೂರನೆಯವನು ಬಂದು ಕೂತರೆ? ಬಸ್ಸು ಹತ್ತಿದವರಿಗೆ ಈ ಸಂಕಟ ವಿವರಿಸಬೇಕಿಲ್ಲ. ಕೊನೆಗೆ ಎಬ್ಬಿಸಿ ಕೂರುವುದನ್ನು ಒಂದೇ ಏಟಿಗೆ ಮಾಡುವ ಕರೆಯೊಂದನ್ನು ಕರ್ನಲ್‌ಗೆ ಸೇರಿಸಿದರು.

ಇದಕ್ಕಿಂತ ಕಗ್ಗಂಟಿನದು ಅಗ್ಗದ ಪುಟಾಣಿ ಕ್ಯಾಮೆರಾಗಳ ಕಥೆ. ಬೀಗದ ಕೈಗೊಂಚಲಿಗೆ ತೂಗುಹಾಕುವಂಥವು. ಹೊಟ್ಟೆಯಲ್ಲಿ ನಾಲ್ಕು ಫೋಟೊ ಇಟ್ಟುಕೊಂಡು, ಕಂಪ್ಯೂಟರಿಗೆ ಕಟ್ಟಿದರೆ ವೆಬ್‌ಕ್ಯಾಮೂ ಆಗುತ್ತವೆ. ವಿಡಿಯೊ ತೋರಿಸುವ ಡ್ರೈವರು ಕರ್ನಲ್ ಒಳಗೆ. ಫೋಟೊ ಇಳಿಸಿಕೊಳ್ಳುವ ಜಿಫೋಟೊ ಎಂಬ ಪ್ರೋಗ್ರಾಂ ಹೊರಗೆ. ನೀವು ಮಗಳ ಜೊತೆ ವಿಡಿಯೊದಲ್ಲಿ ಮಾತಾಡುತ್ತಿದ್ದಾಗ ಮನೆಯಲ್ಲಿ ಇನ್ಯಾರೋ ‘ಫೋಟೊ ಇಳಿಸಿಕೊಳ್ಳೋಣ’ ಎಂದು ಗುಂಡಿ ಒತ್ತಿದರೆ ಡ್ರೈವರನ್ನು ಎಬ್ಬಿಸಲಾಗುತ್ತದೆ, ವಿಡಿಯೊ ಸಾಧನವೇ ಮಾಯ. ಟವೆಲ್ ಮಾತ್ರ ಇದೆಯೋ, ಅದರ ಮೇಲೆ ಮನುಷ್ಯ ಕೂತಿದ್ದಾನೋ ಎಂದು ಕಂಡಕ್ಟರು ನೋಡುವುದೇ ಇಲ್ಲ. ಎರಡೂ ಕಸುಬನ್ನು ಕರ್ನಲ್‌ಗೇ ಒಪ್ಪಿಸಿಬಿಡೋಣ ಎಂದವರಿದ್ದರು. ನನಗೇನೋ ಅದು ಸೀಟಿನ ಜಗಳಕ್ಕೆ ಬಸ್ಸನ್ನೇ ಕೊಂಡಂತೆ ಕಾಣುತ್ತದೆ. ‘ಏಳಬಹುದಾ?’ ಎಂದು ಡ್ರೈವರನ್ನು ಒಂದು ಮಾತು ಕೇಳುವುದು, ಕೆಲಸದಲ್ಲಿದ್ದರೆ ‘ಆಗೋದಿಲ್ಲ’ ಎನ್ನುವ ಹಕ್ಕು ಅದಕ್ಕಿರುವುದು, ಇಷ್ಟು ಸಾಕಿತ್ತು.

ಎಲ್ಲ ದೂರನ್ನೂ ಕರ್ನಲ್ ತಲೆಗೆ ಕಟ್ಟುವುದೂ ಸರಿಯಲ್ಲ. ದೊಡ್ಡ ಕ್ಯಾಮೆರಾ ಸಿಕ್ಕಿಸಿ ಜಿಫೋಟೊಗೆ ಆಜ್ಞೆ ಕೊಟ್ಟರೆ ‘ಸಿಗುತ್ತಿಲ್ಲ’ ಎನ್ನುತ್ತದಲ್ಲ, ಅಲ್ಲಿ ಅಡ್ಡ ಕೂತಿರುವುದು ಅನೇಕ ಸಲ ಗ್ನೋಮ್ ಡೆಸ್ಕ್‌ಟಾಪಿನ ಫೈಲು ತೋರಿಸುವ ಸಹಾಯಕ. ಅದೂ ನಮ್ಮಂತೆಯೇ ಟಿಕೆಟ್ ಕೊಂಡ ಪ್ರಯಾಣಿಕ.

ಟಿವಿ ಕಡ್ಡಿಗೆ ಬಲ್ಲವರು ಹೇಳುವ ಔಷಧ ಒಂದೇ: ಆ ಡ್ರೈವರನ್ನು ಕಪ್ಪುಪಟ್ಟಿಗೆ ಸೇರಿಸು. ಒಂದು ಫೈಲು, ಒಂದು ಸಾಲು. ನಮ್ಮ ಪ್ರೋಗ್ರಾಂ ಮುಗಿದ ಮೇಲೆ ಡ್ರೈವರನ್ನು ತಾನೇ ಮರಳಿ ಕೂರಿಸುವ ಸೌಕರ್ಯ ಲಿಬ್‌ಯುಎಸ್‌ಬಿಯಲ್ಲೇ ಇರುವಾಗ ಆಜೀವ ಬಹಿಷ್ಕಾರ ಏಕೆ ಎಂದು ವಾದಿಸಬಹುದು. ಆದರೆ ಡಿವಿಬಿ-ಟಿಯ ತವರಿನಲ್ಲೇ ಕಾಲ ಬದಲಾಗಿದೆ. ಜರ್ಮನಿ 2017ರಲ್ಲಿ ಟಿ2ಗೆ ಹೊರಳಿಕೊಂಡಿತು. ಆ ಡ್ರೈವರಿಗೆ ಈ ಸುದ್ದಿ ತಲುಪಿಲ್ಲ. ಬರ್ಲಿನ್ನಿನಲ್ಲೂ ಕಡ್ಡಿ ಸಿಕ್ಕಿಸಿದರೆ ಸಾಕು, ಓಡಿ ಬಂದು ಟವೆಲ್ ಹಾಸುತ್ತದೆ.