ಯಾಕೆಗೊಂದು ಜೋಡಿ

ವರದೆಯ ದಂಡೆಯ ಕರ್ಜಗಿಯಲ್ಲಿ ಕುಳಿತು, ಮಳೆ-ಬೆಳೆಯ ಮಾತನ್ನು ಬಿಟ್ಟು ಎಸ್ಪೆರಾಂಟೊ ಭಾಷೆಯ ಪ್ರಶ್ನಾರ್ಥಕಗಳನ್ನು ಉರುಹಾಕುವವನನ್ನು ಊರು ಯಾವ ದೃಷ್ಟಿಯಿಂದ ಕಾಣುವುದೆಂಬುದನ್ನು ಬಲ್ಲವನಾಗಿಯೂ ನಾನು ಆ ವ್ಯಸನಕ್ಕೆ ಹರ್ಷದಿಂದಲೇ ತುತ್ತಾದೆ. 1887ರಲ್ಲಿ ವಾರ್ಸಾದ ನೇತ್ರವೈದ್ಯ ಜಾಮೆನ್‌ಹಾಫ್ ಲೋಕಕ್ಕಿತ್ತ ಈ ಭಾಷೆಯಲ್ಲಿ ಅಂಥ ಪದಗಳೆಲ್ಲ 5 ಆದಿಗಳೂ 9 ಅಂತ್ಯಗಳೂ ಕೂಡಿದ 45 ಮನೆಗಳ ಕೋಷ್ಟಕದಲ್ಲಿ ಅಡಗಿವೆ: ಕಿಯೆ ಎಂದರೆ ಎಲ್ಲಿ, ತಿಯೆ ಎಂದರೆ ಅಲ್ಲಿ, ಕಿಯಾಮ್ ಯಾವಾಗ, ತಿಯಾಮ್ ಆಗ.

ಅಲ್ಲಿ-ಇಲ್ಲಿ-ಎಲ್ಲಿ, ಅಷ್ಟು-ಇಷ್ಟು-ಎಷ್ಟು ಎಂದು ತೊಟ್ಟಿಲಲ್ಲೇ ಕಲಿತವನಿಗೆ ಇದಾವ ಘನವಿದ್ಯೆ? ಹಳಗನ್ನಡದಲ್ಲಂತೂ ಅದು, ಇದುಗಳ ನಡುವೆ ‘ಉದು’ ಎಂಬ ಮಧ್ಯಸ್ಥನೂ ಇದ್ದನು. ಪಾಪ, ಎಸ್ಪೆರಾಂಟೊಗೆ ಸ್ವಂತದ ‘ಇಲ್ಲಿ’ಯಿಲ್ಲ, ಅಲ್ಲಿಗೆ ‘ಚಿ’ ಎಂಬ ಬಾಲವನ್ನಂಟಿಸಿ ‘ತಿಯೆ ಚಿ’ ಎನ್ನಬೇಕು. ಬಾಯಿ ತಪ್ಪಿ ‘ಚಿಯೆ’ ಎಂದುಬಿಟ್ಟರೆ ಎಲ್ಲೆಲ್ಲಿಯೂ ಎಂದರ್ಥ; ಇಲ್ಲಿದ್ದೇನೆ ಎನ್ನಹೊರಟವನು ಕ್ಷಣಾರ್ಧದಲ್ಲಿ ಸರ್ವಾಂತರ್ಯಾಮಿಯಾಗುತ್ತಾನೆ.

ನನ್ನ ಗರ್ವ ಮುಗ್ಗರಿಸಿದ್ದು ‘ಯಾಕೆ’ಯಲ್ಲಿ. ಅದಕ್ಕೆ ಜೋಡಿ ಹುಡುಕಿದರೆ ಎದುರಾಗುವವಳು ‘ಆಕೆ’, ನಮ್ಮ ಮನೆಯ ಆಕೆಯಾದರೋ ಉತ್ತರವಲ್ಲ, ಸಾಕ್ಷಾತ್ ಪ್ರಶ್ನೆ: “ಇದನ್ನ ಕಲ್ತು ಏನ್ ಮಾಡ್ತೀರಿ?” ಲಾಭ ಕೇಳುವವರು ಊರ ತುಂಬ, ಇಸ್ಪೀಟಿನ ಲಾಭವನ್ನು ಮಾತ್ರ ಯಾರೂ ಕೇಳರು! ಎಸ್ಪೆರಾಂಟೊದಲ್ಲಿ ಕಿಯಾಲ್‌ಗೆ, ಅಂದರೆ ಯಾಕೆಗೆ, ತಿಯಾಲ್, ಅಂದರೆ ಆ ಕಾರಣಕ್ಕೆ, ಸಿದ್ಧವಾಗಿದೆ. ಆದರೆ ಮನುಷ್ಯರು ಪರಸ್ಪರ ಅರಿಯಲೆಂದು ಭಾಷೆ ಕಟ್ಟಿದವನ ಹೆಣ್ಣುಮಕ್ಕಳಿಬ್ಬರನ್ನು, ಸೋಫಿಯಾ ಲಿಡಿಯಾರನ್ನು, 1942ರಲ್ಲಿ ನಾಜಿಗಳು ಟ್ರೆಬ್ಲಿಂಕಾದಲ್ಲಿ ಕೊಂದದ್ದು ಕಿಯಾಲ್ ಎಂದು ಕೇಳಿದರೆ ಕೋಷ್ಟಕದ ಆ ಮನೆಯ ತಿಯಾಲ್ ಸಾಲದು.

ಕೋಷ್ಟಕವನ್ನು ಪಡಸಾಲೆಯ ಗೋಡೆಗೆ ಕೆಮ್ಮಣ್ಣಿನಿಂದ, ಕನ್ನಡ ಲಿಪಿಯಲ್ಲೇ ಬರೆದಿದ್ದೆ. ಮಜ್ಜಿಗೆಗೆಂದು ಬಂದ ನೆರೆಮನೆಯ ಅಜ್ಜಿ, ಅಕ್ಷರಬಲ್ಲ ಮೊಮ್ಮಗನಿಂದ ಕಿಯು, ಕಿಯೊ, ತಿಯು, ತಿಯೊ ಎಂದು ಓದಿಸಿಕೊಂಡು, ಸೆರಗು ಹೊದ್ದು, ಗೋಡೆಗೆ ಕೈಮುಗಿದಳು.

“ತಮ್ಮಾ, ನಮ್ಮ ಎಮ್ಮಿ ಹಾಲ ಕೊಡವಲ್ದು. ಈ ಯಂತ್ರಾನ ಒಂದ್ ತಗಡಿನ್ಯಾಗ ಬರದ್ ಕೊಡು.”

ಇದು ಮಂತ್ರವಲ್ಲ, ವ್ಯಾಕರಣವೆಂದೆ. ವ್ಯಾಕರಣವಾದರೆ ಇನ್ನೂ ಉಗ್ರವಿರಬೇಕೆಂಬ ಭಕ್ತಿ ಅವಳ ಮುಖದಲ್ಲಿ ಮೂಡಿತು. ಹಾಲೆಷ್ಟೆಂಬುದು ಯಾವ ಮನೆಯಲ್ಲಿದೆಯೆಂದು ಕೇಳಿದಳು. ಗುರುಸ್ಥಾನದ ಸುಖಕ್ಕೆ ಮರುಳಾದ ನಾನು ‘ಕಿಯೊಮ್’ ತೋರಿಸಿದೆ. ಅದಕ್ಕೆ ಅರಿಸಿನ ಹಚ್ಚಿದಳು. ಕಡೆಯ ಸಾಲೇನೆಂದು ಕೇಳಿದಾಗ, ‘ನೆನಿ’ಯಿಂದ ಮೊದಲಾಗುವ ಆ 9 ಮನೆಗಳಿಗೂ ಯಾರೂ ಇಲ್ಲ, ಏನೂ ಇಲ್ಲ, ಎಷ್ಟೂ ಇಲ್ಲ ಎಂದೇ ಅರ್ಥವೆಂದು ಪ್ರಾಮಾಣಿಕನಾಗಿ ವಿವರಿಸಿದೆ.

“ಅಯ್ಯ, ಆ ದರಿದ್ರ ಸಾಲ ಬ್ಯಾಡ. ಅದನ್ನ ಬಿಟ್ ಬರಿ.”

ಜಾಮೆನ್‌ಹಾಫನ ಕೃತಿಗೆ ಹೀಗೆ ತಿದ್ದುಪಡಿಯಾಯಿತು. 2008ರಲ್ಲಿ ಬೆಂಗಳೂರಿನಲ್ಲಿ ನೆರೆದ ಏಷ್ಯಾ ಎಸ್ಪೆರಾಂಟೊ ಸಮ್ಮೇಳನದ ಪಂಡಿತರ ಕಣ್ಣಿಗೆ ಬೀಳದ ಆ 36 ಮನೆಗಳ ಎಸ್ಪೆರಾಂಟೊ ಈಗ ಎಮ್ಮೆಯ ಕೊರಳಲ್ಲಿದೆ. ಎಮ್ಮೆಯೂ ‘ಇಯೊಮ್’, ಅಂದರೆ ಒಂದಿಷ್ಟು, ಕೊಡುತ್ತಿದೆಯಂತೆ.